ಸದ್ದಿಲ್ಲದ ಕಂಪ್ಯೂಟರಿಗೆ ಎಂಥ ಕ್ಯಾಬಿನೆಟ್ ಬೇಕು?

ಡೆಸ್ಕ್‌ಟಾಪ್ ಕಂಪ್ಯೂಟರಿನ ಗದ್ದಲದಿಂದ ಬೇಸತ್ತವರು ಹೊಸ ಕ್ಯಾಬಿನೆಟ್ ಹುಡುಕಲು ಹೊರಟಾಗ ಸಾಮಾನ್ಯವಾಗಿ ದಪ್ಪ ಬಾಗಿಲಿರುವ, ಒಳಗೋಡೆಗೆ ಸ್ಪಂಜು ಅಂಟಿಸಿರುವ, ನಾಲ್ಕೂ ಕಡೆ ಮುಚ್ಚಿಕೊಂಡಿರುವ ಪೆಟ್ಟಿಗೆಯತ್ತಲೇ ಮೊದಲು ಕೈ ಚಾಚುತ್ತಾರೆ. ಸದ್ದು ಒಳಗೆ ಹುಟ್ಟುತ್ತಿದೆ, ಹಾಗಾಗಿ ಅದನ್ನು ಒಳಗೇ ಕೂಡಿಹಾಕಬೇಕು ಎಂಬ ಯೋಚನೆ ಸಹಜವಾದದ್ದು. ಆದರೆ ಆ ಪೆಟ್ಟಿಗೆಯೊಳಗೆ ಸದ್ದಿನ ಜೊತೆಗೆ ಶಾಖವೂ ಹುಟ್ಟುತ್ತಿರುತ್ತದೆ, ಶಾಖ ಹೊರಹೋಗಲು ಬಿಟ್ಟ ದಾರಿಯಲ್ಲೇ ಸದ್ದೂ ಹೊರಬರುತ್ತದೆ. ಆ ದಾರಿಯನ್ನು ಕಿರಿದು ಮಾಡಿದರೆ ಫ್ಯಾನುಗಳು ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ ಮತ್ತು ನಾವು ತಡೆಯಹೊರಟ ಸದ್ದು ಮೂಲದಲ್ಲೇ ಹೆಚ್ಚಾಗುತ್ತದೆ. ಆದ್ದರಿಂದ ಕ್ಯಾಬಿನೆಟ್ಟನ್ನು ಆರಿಸುವಾಗ ಅದು ಎಷ್ಟು ಸದ್ದನ್ನು ತಡೆಯುತ್ತದೆ ಎಂದು ಕೇಳುವ ಮೊದಲು, ಅದರೊಳಗೆ ಫ್ಯಾನುಗಳು ಎಷ್ಟು ನಿಧಾನವಾಗಿ ತಿರುಗಿದರೂ ಸಾಕಾಗುತ್ತದೆ ಎಂದು ಕೇಳಬೇಕು. ಈ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ ಉಳಿದ ಬಹುತೇಕ ಗೊಂದಲಗಳು ತಾವಾಗಿಯೇ ಬಗೆಹರಿಯುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಕಾರಣ ತಿಳಿಯಲು ಡೆಸಿಬೆಲ್ ಲೆಕ್ಕವನ್ನು ಸ್ವಲ್ಪ ನೋಡಬೇಕು. ಡೆಸಿಬೆಲ್ ಮಾಪನದಲ್ಲಿ ಸಮಾನವಾದ ಎರಡು ಸದ್ದುಗಳನ್ನು ಕೂಡಿಸಿದರೆ ಸಂಖ್ಯೆ ದ್ವಿಗುಣವಾಗುವುದಿಲ್ಲ, ಕೇವಲ 3ರಷ್ಟು ಏರುತ್ತದೆ. 20 ಡೆಸಿಬೆಲ್ ಸದ್ದು ಮಾಡುವ ಒಂದು ಫ್ಯಾನಿನ ಪಕ್ಕದಲ್ಲಿ ಅಂಥದ್ದೇ ಇನ್ನೊಂದನ್ನು ಇಟ್ಟರೆ ಒಟ್ಟು 23 ಡೆಸಿಬೆಲ್ ಆಗುತ್ತದೆ. ಕಿವಿಗೆ ಸದ್ದು ಎರಡು ಪಟ್ಟು ಜೋರಾದಂತೆ ಕೇಳಬೇಕಾದರೆ ಸುಮಾರು 10 ಡೆಸಿಬೆಲ್ ಏರಿಕೆ ಬೇಕು. ಇನ್ನೊಂದೆಡೆ, ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದರ ಸದ್ದು ಸುಮಾರು 15 ಡೆಸಿಬೆಲ್‌ನಷ್ಟು ಕಡಿಮೆಯಾಗುತ್ತದೆ, ಗಾಳಿಯ ಪ್ರಮಾಣವಾದರೋ ಅರ್ಧದಷ್ಟು ಮಾತ್ರ ಕುಗ್ಗುತ್ತದೆ. ಈ ಎರಡನ್ನೂ ಒಟ್ಟಿಗೆ ನೋಡಿದಾಗ ಒಂದು ದೊಡ್ಡ ಲಾಭ ಕಾಣುತ್ತದೆ: ಪೂರ್ಣ ವೇಗದ ಒಂದು ಫ್ಯಾನಿನ ಬದಲು ಅರ್ಧ ವೇಗದ ಎರಡು ಫ್ಯಾನುಗಳನ್ನು ಅಕ್ಕಪಕ್ಕದಲ್ಲಿ ಹಾಕಿದರೆ, ಗಾಳಿಗೆ ಅಡ್ಡಿಯಿಲ್ಲದಿದ್ದಾಗ ಅಷ್ಟೇ ಗಾಳಿ ದೊರೆಯುತ್ತದೆ, ಆದರೆ ಸದ್ದು ಸುಮಾರು 12 ಡೆಸಿಬೆಲ್ ಕಡಿಮೆ, ಅಂದರೆ ಕೇಳಿಸುವಿಕೆಯಲ್ಲಿ ಅರ್ಧಕ್ಕಿಂತಲೂ ಕಡಿಮೆ. ಫ್ಯಾನು ಹೆಚ್ಚಾದರೆ ಗದ್ದಲ ಹೆಚ್ಚುತ್ತದೆ ಎಂಬ ಭಾವನೆ ವೇಗವನ್ನು ನಿಯಂತ್ರಿಸದೆ ಬಿಟ್ಟಾಗ ಮಾತ್ರ ನಿಜ.

ಇಲ್ಲಿ ಒಂದು ಷರತ್ತಿದೆ, ಕ್ಯಾಬಿನೆಟ್ಟಿನ ವಿನ್ಯಾಸ ಮುಖ್ಯವಾಗುವುದೂ ಇಲ್ಲಿಂದಲೇ. ಫ್ಯಾನಿನ ವೇಗ ಅರ್ಧವಾದರೆ ಗಾಳಿಯ ಪ್ರಮಾಣ ಅರ್ಧವಾಗುತ್ತದೆ ಎಂದೆವಷ್ಟೆ. ಆದರೆ ಅದು ಗಾಳಿಯನ್ನು ತಳ್ಳುವ ಒತ್ತಡ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಿಮಿಷಕ್ಕೆ 1,500 ಸುತ್ತು ತಿರುಗುವ ಫ್ಯಾನು ಬಿಗಿಯಾದ ಜಾಲರಿಯನ್ನೂ ಮುಚ್ಚಿದ ಮುಂಬಾಗಿಲಿನ ಇಕ್ಕಟ್ಟನ್ನೂ ಹೇಗೋ ಎದುರಿಸಿ ಗಾಳಿಯನ್ನು ಒಳಗೆಳೆಯಬಲ್ಲದು, ಆದರೆ 700 ಸುತ್ತಿನಲ್ಲಿ ತೂಕಡಿಸುವ ಫ್ಯಾನಿಗೆ ಆ ಶಕ್ತಿ ಇರುವುದಿಲ್ಲ. ಹಾಗಾಗಿ ಗಾಳಿಯ ಹಾದಿಯಲ್ಲಿರುವ ಪ್ರತಿಯೊಂದು ಅಡ್ಡಿಯೂ ಗದ್ದಲದ ಕಂಪ್ಯೂಟರಿಗಿಂತ ಮೌನದ ಕಂಪ್ಯೂಟರಿಗೆ ಹೆಚ್ಚು ತೊಂದರೆ ಕೊಡುತ್ತದೆ. ಗಾಳಿ ಸರಾಗವಾಗಿ ಓಡಾಡುವ ಕ್ಯಾಬಿನೆಟ್ಟುಗಳು ಆಟವಾಡುವವರ ಶಕ್ತಿಶಾಲಿ ಯಂತ್ರಗಳಿಗೆ ಮಾತ್ರ ಎಂದು ತಿಳಿದವರು ಬಹಳ ಮಂದಿ. ವಾಸ್ತವದಲ್ಲಿ ಅದು ಮೌನ ಬಯಸುವವರ ಮೊದಲ ಅಗತ್ಯ.

ಶಾಖದ ಲೆಕ್ಕ

ಕ್ಯಾಬಿನೆಟ್ ಹುಡುಕುವ ಮೊದಲು ಅದರೊಳಗೆ ಏನು ಕೂರುತ್ತದೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಕಂಪ್ಯೂಟರ್ ಬಳಸುವ ವಿದ್ಯುತ್ತು ಬಹುಮಟ್ಟಿಗೆ ಪೂರ್ತಿಯಾಗಿ ಶಾಖವಾಗಿ ಮಾರ್ಪಡುತ್ತದೆ, ಆದ್ದರಿಂದ ಬಿಡಿಭಾಗಗಳ ವ್ಯಾಟ್ ಸಂಖ್ಯೆಯೇ ಶಾಖದ ಅಳತೆಯೂ ಹೌದು. ಒಳಗಿನ ಗಾಳಿ ಹೊರಗಿನದಕ್ಕಿಂತ 10 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಬಾರದು ಎಂದಿಟ್ಟುಕೊಂಡರೆ, 300 ವ್ಯಾಟ್ ಶಾಖವನ್ನು ಹೊರಹಾಕಲು ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಪೆಟ್ಟಿಗೆಯ ಮೂಲಕ ಹಾದುಹೋಗಬೇಕು. ಫ್ಯಾನು ತಯಾರಕರ ಪಟ್ಟಿಗಳಲ್ಲಿ ಕಾಣುವ ಮಾಪನದಲ್ಲಿ ಇದು ನಿಮಿಷಕ್ಕೆ ಸುಮಾರು 53 ಘನ ಅಡಿ. ಇದು ಕಷ್ಟಸಾಧ್ಯವಾದ ಪ್ರಮಾಣವಲ್ಲ. ತೆರೆದ ಹಾದಿಯಿದ್ದರೆ ನಿಧಾನವಾಗಿ ತಿರುಗುವ ಎರಡು ಮೂರು ದೊಡ್ಡ ಫ್ಯಾನುಗಳು ಇದನ್ನು ನಿಭಾಯಿಸುತ್ತವೆ. ಬರವಣಿಗೆ, ಲೆಕ್ಕಪತ್ರ, ಚಲನಚಿತ್ರ ವೀಕ್ಷಣೆಗಳಿಗಷ್ಟೇ ಬಳಸುವ, 65 ವ್ಯಾಟ್ ಪ್ರೊಸೆಸರ್ ಇರುವ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕಂತೂ ಇದರ ಮೂರನೇ ಒಂದು ಭಾಗದ ಗಾಳಿಯೂ ಧಾರಾಳವಾಯಿತು. ಅದೇ 2022ರಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 4090ರಂಥ ಗ್ರಾಫಿಕ್ಸ್ ಕಾರ್ಡ್ ಒಂದಕ್ಕೇ ಘೋಷಿತ ಶಕ್ತಿ 450 ವ್ಯಾಟ್.

ಈ ಎರಡು ಯಂತ್ರಗಳಿಗೆ ಒಂದೇ ಕ್ಯಾಬಿನೆಟ್ ಶಿಫಾರಸು ಮಾಡುವುದು ಸರಿಯಲ್ಲ. ಮೊದಲನೆಯದರಲ್ಲಿ ಶಾಖ ಅಲ್ಪವಾದ್ದರಿಂದ ಮುಚ್ಚಿದ ಕ್ಯಾಬಿನೆಟ್ಟಿನಲ್ಲೂ ಫ್ಯಾನುಗಳು ನಿಧಾನವಾಗಿಯೇ ತಿರುಗುತ್ತವೆ, ಮುಚ್ಚಿದ ಗೋಡೆಗಳಿಂದ ಸಿಗುವ ಅಷ್ಟಿಷ್ಟು ಪ್ರಯೋಜನವೂ ದಕ್ಕುತ್ತದೆ. ಎರಡನೆಯದನ್ನು ಅಂಥ ಪೆಟ್ಟಿಗೆಯಲ್ಲಿ ಕೂರಿಸಿದರೆ ಕಾರ್ಡಿನ ಫ್ಯಾನುಗಳು ತಮ್ಮದೇ ಬಿಸಿಗಾಳಿಯನ್ನು ಮತ್ತೆ ಮತ್ತೆ ಎಳೆದುಕೊಂಡು ವೇಗ ಏರಿಸುತ್ತಲೇ ಹೋಗುತ್ತವೆ. ಸ್ವೀಡನ್ನಿನ ಫ್ರಾಕ್ಟಲ್ ಡಿಸೈನ್ ಸಂಸ್ಥೆ ಈ ಎರಡೂ ಬಗೆಗಳನ್ನು ತಯಾರಿಸುತ್ತದೆ ಎಂಬುದು ಗಮನಿಸಬೇಕಾದ ಸಂಗತಿ: ಅದರ ಡಿಫೈನ್ ಸರಣಿಯಲ್ಲಿ ಸದ್ದು ತಡೆಯುವ ಪದರವಿರುವ ಮುಂಬಾಗಿಲೂ ಮೇಲ್ಭಾಗದ ಕಿಂಡಿಗಳನ್ನು ಮುಚ್ಚುವ ಹಲಗೆಯೂ ಇವೆ; 2021ರ ಟೊರೆಂಟ್ ಮಾದರಿಯಲ್ಲಿ ಮುಂಭಾಗ ಪೂರ್ತಿ ತೆರೆದಿದ್ದು ಅದರ ಹಿಂದೆ 180 ಮಿ.ಮೀ. ಅಗಲದ ಎರಡು ಫ್ಯಾನುಗಳಿವೆ. ಹೆಚ್ಚು ಶಾಖದ ಯಂತ್ರವನ್ನು ಮೌನವಾಗಿಸಬೇಕಾದರೆ, ನೋಟಕ್ಕೆ ಮೌನದ ಸುಳಿವೇ ಕೊಡದ ಎರಡನೆಯ ಬಗೆಯ ಪೆಟ್ಟಿಗೆಯನ್ನೇ ನಾನು ಆರಿಸುತ್ತೇನೆ.

ಮುಚ್ಚಿದ ಗೋಡೆ ಎಷ್ಟು ತಡೆಯುತ್ತದೆ?

ಗೋಡೆಯೊಂದು ಸದ್ದನ್ನು ತಡೆಯುವುದು ಮುಖ್ಯವಾಗಿ ತನ್ನ ತೂಕದಿಂದ. ಒಂದು ಚದರ ಮೀಟರಿಗೆ ಇರುವ ತೂಕ ಎರಡು ಪಟ್ಟಾದರೆ ತಡೆಯುವ ಶಕ್ತಿ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಸದ್ದಿನ ಆವರ್ತನ, ಅಂದರೆ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ (ಹರ್ಟ್ಸ್), ಎರಡು ಪಟ್ಟಾದಾಗಲೂ ಅಷ್ಟೇ ಹೆಚ್ಚುತ್ತದೆ. ಆದ್ದರಿಂದ ಯಾವ ಗೋಡೆಯಾದರೂ ಕೀಚಲು ದನಿಯನ್ನು ಚೆನ್ನಾಗಿ ತಡೆಯುತ್ತದೆ, ಗುಂಯ್‌ಗುಡುವ ಕೆಳದನಿಯನ್ನು ಅಷ್ಟಾಗಿ ತಡೆಯುವುದಿಲ್ಲ. 0.8 ಮಿ.ಮೀ. ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು 6.3 ಕಿಲೋಗ್ರಾಂ ತೂಗುತ್ತದೆ, 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಸುಮಾರು 5.4 ಕಿಲೋಗ್ರಾಂ. 4 ಮಿ.ಮೀ. ಗಾಜಿನ ಹಲಗೆ ಸುಮಾರು 10 ಕಿಲೋಗ್ರಾಂ ತೂಗುತ್ತದೆ, ಅಂದರೆ ಗಾಜು ಈ ಮೂರರಲ್ಲಿ ಅತ್ಯಂತ ಭಾರವಾದದ್ದು. ಗಾಜಿನ ಪಕ್ಕವಿರುವ ಕ್ಯಾಬಿನೆಟ್ ಮೌನಕ್ಕೆ ಒಗ್ಗುವುದಿಲ್ಲ ಎಂಬ ಮಾತು ಹಾಗಾದರೆ ಅರ್ಧಸತ್ಯ. ಪಕ್ಕದ ಗಾಜು ಸದ್ದನ್ನು ಹೀರಿಕೊಳ್ಳುವುದಿಲ್ಲ, ಒಳಕ್ಕೇ ಹಿಂದಿರುಗಿಸುತ್ತದೆ, ಆದರೆ ತನ್ನ ಮೂಲಕ ಹಾಯಲು ಬಿಡುವ ವಿಷಯದಲ್ಲಿ ತೆಳು ತಗಡಿಗಿಂತ ಕಡಿಮೆಯೇನಲ್ಲ. ನಿಜವಾದ ತೊಂದರೆ ಗಾಜನ್ನು ಮುಂಭಾಗದಲ್ಲಿ, ಗಾಳಿ ಒಳಬರುವ ಫ್ಯಾನುಗಳೆದುರು ನಿಲ್ಲಿಸಿ, ಅಂಚಿನಲ್ಲಿ ಒಂದೆರಡು ಬೆರಳಗಲದ ಸಂದಿ ಬಿಟ್ಟ ವಿನ್ಯಾಸಗಳಲ್ಲಿದೆ.

ಗೋಡೆ ಎಷ್ಟೇ ಭಾರವಿರಲಿ, ಕ್ಯಾಬಿನೆಟ್ಟಿಗೆ ತೂತುಗಳು ಇರಲೇಬೇಕು. ಕಿಟಕಿ ತೆರೆದಿಟ್ಟು ಬಾಗಿಲಿಗೆ ದಪ್ಪ ಹಲಗೆ ಹೊಡೆದ ಕೋಣೆಯ ಸ್ಥಿತಿಯೇ ಇಲ್ಲಿಯೂ. ಒಟ್ಟು ಮೇಲ್ಮೈಯಲ್ಲಿ ನೂರಕ್ಕೆ 10 ಭಾಗ ತೆರೆದಿದ್ದರೆ, ಉಳಿದ 90 ಭಾಗ ಒಂದಿಷ್ಟೂ ಸದ್ದನ್ನು ಬಿಡದ ವಸ್ತುವಾಗಿದ್ದರೂ ಒಟ್ಟು ತಡೆ ಸುಮಾರು 10 ಡೆಸಿಬೆಲ್ ದಾಟುವುದಿಲ್ಲ. ಸ್ಪಂಜಿನ ಪದರಕ್ಕೂ ಇಂಥದ್ದೇ ಮಿತಿಯಿದೆ. ಸದ್ದನ್ನು ಹೀರುವ ಪದರ ಚೆನ್ನಾಗಿ ಕೆಲಸ ಮಾಡಬೇಕಾದರೆ ಅದರ ದಪ್ಪ ಆ ಸದ್ದಿನ ತರಂಗದ ಉದ್ದದ ನಾಲ್ಕನೇ ಒಂದು ಭಾಗದ ಹತ್ತಿರವಾದರೂ ಇರಬೇಕು. ಗಾಳಿಯಲ್ಲಿ 1,000 ಹರ್ಟ್ಸ್ ಸದ್ದಿನ ತರಂಗ ಸುಮಾರು 34 ಸೆಂಟಿಮೀಟರ್ ಉದ್ದವಿರುತ್ತದೆ, 100 ಹರ್ಟ್ಸ್ ಸದ್ದಿನದು ಸುಮಾರು 3.4 ಮೀಟರ್. ಕೆಲವೇ ಮಿಲಿಮೀಟರ್ ದಪ್ಪದ ಸ್ಪಂಜು ಇವುಗಳ ಎದುರು ಏನೂ ಮಾಡಲಾರದು. ಅದಕ್ಕೆ ದಕ್ಕುವುದು ಕೆಲವು ಸಾವಿರ ಹರ್ಟ್ಸ್‌ಗೂ ಮೇಲಿನ ಕೀಚಲು ದನಿಗಳು ಮಾತ್ರ.

ಆದರೂ ಈ ಪದರಗಳನ್ನು ನಿರುಪಯುಕ್ತವೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಗ್ರಾಫಿಕ್ಸ್ ಕಾರ್ಡ್ ಹೆಚ್ಚು ವಿದ್ಯುತ್ತು ಸೆಳೆಯುವಾಗ ಅದರ ಮೇಲಿನ ಸುರುಳಿಗಳು ಸಣ್ಣದಾಗಿ ಕಂಪಿಸಿ ಕೀರಲು ಸದ್ದು ಮಾಡುವುದುಂಟು, ಫ್ಯಾನಿನ ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು 2,000ದಿಂದ 5,000 ಹರ್ಟ್ಸ್ ನಡುವೆ, ಮತ್ತು ಈ ಕೀರಲು ಸಾಮಾನ್ಯವಾಗಿ ಕೆಲವು ಸಾವಿರ ಹರ್ಟ್ಸ್ ವ್ಯಾಪ್ತಿಯಲ್ಲೇ ಬರುತ್ತದೆ. ಅಂಥ ಕಾರ್ಡ್ ನಿಮ್ಮದಾಗಿದ್ದರೆ ಮುಚ್ಚಿದ ಭಾರದ ಪಕ್ಕಗಳು ನಿಜವಾಗಿಯೂ ನೆರವಾಗುತ್ತವೆ. ಇನ್ನು ಕೆಲವು ಕ್ಯಾಬಿನೆಟ್ಟುಗಳ ತಗಡಿನ ಒಳಮೈಗೆ ಅಂಟಿಸಿರುವ ಭಾರದ ಡಾಂಬರು ಹಾಳೆ ಸ್ಪಂಜಿಗಿಂತ ಬೇರೆ ಕೆಲಸ ಮಾಡುತ್ತದೆ: ಅದು ಗಾಳಿಯಲ್ಲಿ ಬರುವ ಸದ್ದನ್ನು ಹೀರುವುದಕ್ಕಿಂತ, ತಗಡಿನ ತೂಕ ಹೆಚ್ಚಿಸಿ ತಗಡು ತಾನೇ ಝಣಗುಟ್ಟದಂತೆ ಹಿಡಿದಿಡುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಡಾಂಬರು ಹಾಳೆ ಹೆಚ್ಚು ಉಪಯುಕ್ತ. ಪಕ್ಕದ ಹಲಗೆಯನ್ನು ಬಿಚ್ಚಿ ನಡುಭಾಗವನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ವ್ಯತ್ಯಾಸ ತಿಳಿಯುತ್ತದೆ. ಒಳ್ಳೆಯದು ಮಂದವಾಗಿ ದಬ್ಬೆನ್ನುತ್ತದೆ, ಬರಿಯ ತಗಡು ತಾಳದಂತೆ ಮೊಳಗುತ್ತದೆ.

ಗಾಳಿಯ ಹಾದಿಯನ್ನು ನೋಡುವ ಬಗೆ

ಕ್ಯಾಬಿನೆಟ್ಟಿನ ಚಿತ್ರವನ್ನಾಗಲಿ ವಸ್ತುವನ್ನಾಗಲಿ ಕೈಗೆತ್ತಿಕೊಂಡಾಗ ಮೊದಲು ಮುಂಭಾಗವನ್ನು ನೋಡಬೇಕು. ಫ್ಯಾನಿನ ಎದುರು ಗಾಳಿ ಬರಲು ಇರುವ ತೆರಪು ಫ್ಯಾನು ಸುತ್ತುವ ವೃತ್ತದ ವಿಸ್ತೀರ್ಣಕ್ಕಿಂತ ಕಡಿಮೆಯಿರಬಾರದು ಎಂಬುದು ಒಂದು ಸರಳ ಅಳತೆಗೋಲು. ಮುಂದೆ ಬಾಗಿಲಿದ್ದರೆ ಅದರ ಎರಡೂ ಪಕ್ಕದ ಸಂದುಗಳ ಉದ್ದ ಅಗಲಗಳನ್ನು ಗುಣಿಸಿ ಒಟ್ಟು ವಿಸ್ತೀರ್ಣವನ್ನು ಅಂದಾಜು ಮಾಡಬಹುದು, 120 ಮಿ.ಮೀ. ಫ್ಯಾನಿನ ಸುತ್ತುವ ವೃತ್ತ ಸುಮಾರು 113 ಚದರ ಸೆಂಟಿಮೀಟರ್, 140 ಮಿ.ಮೀ. ಫ್ಯಾನಿನದು ಸುಮಾರು 154. ಎರಡು 140 ಮಿ.ಮೀ. ಫ್ಯಾನುಗಳ ಎದುರು ತಲಾ 40 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲದ ಎರಡು ಸಂದುಗಳಷ್ಟೇ ಇದ್ದರೆ ತೆರಪು 80 ಚದರ ಸೆಂಟಿಮೀಟರ್ ಮಾತ್ರ, ಫ್ಯಾನುಗಳಿಗೆ ಬೇಕಾದದ್ದರ ಕಾಲುಭಾಗಕ್ಕೆ ತುಸು ಹೆಚ್ಚು. ಅಂಥ ಕ್ಯಾಬಿನೆಟ್ಟಿನ ಮೇಲೆ ಮೌನದ ಬಗ್ಗೆ ಏನೇ ಬರೆದಿರಲಿ, ಹೆಚ್ಚು ಶಾಖದ ಯಂತ್ರಕ್ಕೆ ಅದು ತಕ್ಕದ್ದಲ್ಲ.

ಫ್ಯಾನಿಗೂ ಅದರ ಮುಂದಿನ ಜಾಲರಿಗೂ ನಡುವೆ ಇರುವ ಅಂತರ ಅಷ್ಟೇ ಮುಖ್ಯ, ಆದರೆ ಇದನ್ನು ಗಮನಿಸುವವರು ಕಡಿಮೆ. ಫ್ಯಾನು ಗಾಳಿಯನ್ನು ಎಳೆದುಕೊಳ್ಳುವ ಮಗ್ಗುಲಲ್ಲಿ ರೆಕ್ಕೆಗಳಿಗೆ ತೀರ ಹತ್ತಿರವಾಗಿ ಏನಾದರೂ ಅಡ್ಡವಿದ್ದರೆ ಗಾಳಿ ಕಲಕಿದ ಸ್ಥಿತಿಯಲ್ಲಿ ರೆಕ್ಕೆಗೆ ತಾಗುತ್ತದೆ ಮತ್ತು ಅದೇ ವೇಗದಲ್ಲೂ ಫ್ಯಾನು ಗೊರಗುಟ್ಟತೊಡಗುತ್ತದೆ. ಗಾಳಿ ಹೊರಬೀಳುವ ಮಗ್ಗುಲಲ್ಲಿ ಅದೇ ಅಡ್ಡಿ ಇದ್ದರೆ ಅಷ್ಟು ತೊಂದರೆಯಿಲ್ಲ. ಆದ್ದರಿಂದ ಮುಂಭಾಗದ ಫ್ಯಾನು ಮತ್ತು ದೂಳಿನ ಜಾಲರಿಯ ನಡುವೆ ಒಂದೆರಡು ಸೆಂಟಿಮೀಟರ್ ಖಾಲಿ ಜಾಗವಿರುವ ವಿನ್ಯಾಸವನ್ನು ಹುಡುಕಬೇಕು. ತಗಡಿನಲ್ಲೇ ಚಿಕ್ಕ ಚಿಕ್ಕ ತೂತು ಹೊಡೆದು ಫ್ಯಾನಿಗೆ ಜಾಗ ಮಾಡಿಕೊಡುವ ಅಗ್ಗದ ಪದ್ಧತಿಯಲ್ಲಿ ತೂತುಗಳ ನಡುವಿನ ಲೋಹವೇ ಹೆಚ್ಚು ಜಾಗ ತಿನ್ನುತ್ತದೆ. ಜೇನುಗೂಡಿನಂತೆ ಆರು ಮೂಲೆಯ ದೊಡ್ಡ ರಂಧ್ರಗಳು, ತೆಳುವಾದ ತಂತಿಯ ಜಾಲರಿ ಇದಕ್ಕಿಂತ ಬಹಳ ಉತ್ತಮ. ದೂಳಿನ ಜಾಲರಿಯನ್ನು ಬೇಡವೆನ್ನಲಾಗದು, ಬಿಡಿಭಾಗದ ಶಾಖವನ್ನು ಹೀರಿ ಗಾಳಿಗೆ ಬಿಡುವ ಲೋಹದ ಹೀಟ್‌ಸಿಂಕಿನ ರೆಕ್ಕೆಗಳಲ್ಲಿ ದೂಳು ಕಟ್ಟಿದರೆ ಕೊನೆಗೆ ಸದ್ದೇ ಹೆಚ್ಚುವುದು. ಆದರೆ ಅದು ಕ್ಯಾಬಿನೆಟ್ಟನ್ನು ಬಿಚ್ಚದೆಯೇ ಹೊರಗಿನಿಂದ ಎಳೆದು ತೊಳೆಯುವಂತಿರಬೇಕು. ಬಿಚ್ಚಿ ತೆಗೆಯಬೇಕಾದ ಜಾಲರಿಯನ್ನು ಯಾರೂ ತೊಳೆಯುವುದಿಲ್ಲ.

ಫ್ಯಾನಿನ ಗಾತ್ರದ ವಿಷಯದಲ್ಲಿ ದೊಡ್ಡದೇ ಮೇಲು. 120ರ ಬದಲು 140 ಮಿ.ಮೀ. ಫ್ಯಾನು ಹಾಕಿದರೆ ವಿಸ್ತೀರ್ಣ ನೂರಕ್ಕೆ 36ರಷ್ಟು ಹೆಚ್ಚುತ್ತದೆ, ಅಷ್ಟೇ ಗಾಳಿಗೆ ವೇಗ ಕಡಿಮೆ ಸಾಕು. 180 ಮತ್ತು 200 ಮಿ.ಮೀ. ಫ್ಯಾನುಗಳೂ ಇವೆ, ಆದರೆ ಅವು ಕೆಟ್ಟಾಗ ಬದಲಿ ಹುಡುಕುವುದು ಕಷ್ಟ, ತೂತುಗಳ ಅಳತೆಯೂ ಒಂದೊಂದು ಮಾದರಿಗೆ ಒಂದೊಂದು. ಎಲ್ಲ ಕಡೆ ಬಳಕೆಯಲ್ಲಿರುವ 140 ಮಿ.ಮೀ. ಅಳತೆಗೆ ಅವಕಾಶವಿರುವ ಕ್ಯಾಬಿನೆಟ್ ಸುರಕ್ಷಿತ ಆಯ್ಕೆ. ಮುಂದೆ ಎರಡು, ಹಿಂದೆ ಒಂದು ಫ್ಯಾನಿದ್ದರೆ ಹೆಚ್ಚಿನ ಯಂತ್ರಗಳಿಗೆ ಸಾಲುತ್ತದೆ. ಮೇಲ್ಭಾಗದಲ್ಲಿ ಮೂರು ಫ್ಯಾನುಗಳಿಗೆ ಬಿಟ್ಟ ತೆರೆದ ಜಾಲರಿ ನೋಡಲು ಉದಾರವಾಗಿ ಕಂಡರೂ ಅದು ಕುಳಿತವರ ಕಿವಿಯತ್ತ ನೇರವಾಗಿ ತೆರೆದ ಬಾಯಿ. ಬೇಡವಾದಾಗ ಮುಚ್ಚಲು ಹಲಗೆ ಕೊಟ್ಟಿದ್ದರೆ ಒಳ್ಳೆಯದು. ಬಿಸಿಗಾಳಿ ತಾನಾಗಿ ಮೇಲೇರುತ್ತದೆ, ಆದ್ದರಿಂದ ಮೇಲ್ಭಾಗ ತೆರೆದಿರಲೇಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಆ ಸಹಜ ಚಲನೆಯ ಬಲ ಅತಿ ನಿಧಾನದ ಫ್ಯಾನಿನ ಬಲದೆದುರೂ ತೀರ ಚಿಕ್ಕದು.

ಒಳಗಿನ ಜಾಗದ ಅಳತೆಗಳೂ ಸದ್ದಿನ ಪ್ರಶ್ನೆಯೇ. ಪ್ರೊಸೆಸರಿನ ಮೇಲೆ ಕೂರುವ ಎತ್ತರದ ಹೀಟ್‌ಸಿಂಕುಗಳು ಸಾಮಾನ್ಯವಾಗಿ 155ರಿಂದ 165 ಮಿ.ಮೀ. ಎತ್ತರವಿರುತ್ತವೆ, ಅಷ್ಟು ಅಗಲವಿಲ್ಲದ ಕ್ಯಾಬಿನೆಟ್ಟಿನಲ್ಲಿ ಕುಳ್ಳ ಹೀಟ್‌ಸಿಂಕಿಗೆ ಸಮಾಧಾನಪಡಬೇಕಾಗುತ್ತದೆ, ಅದರ ಚಿಕ್ಕ ಫ್ಯಾನು ಹೆಚ್ಚು ಸುತ್ತಬೇಕಾಗುತ್ತದೆ. 170 ಮಿ.ಮೀ. ಚೌಕದ ಮಿನಿ ಐಟಿಎಕ್ಸ್ ಎಂಬ ಅಳತೆಯ ಮದರ್‌ಬೋರ್ಡಿಗೆಂದು (ಬಿಡಿಭಾಗಗಳನ್ನು ಜೋಡಿಸುವ ಮುಖ್ಯ ಫಲಕ) ಮಾಡಿದ ಪುಟ್ಟ ಪೆಟ್ಟಿಗೆಗಳು ಚೆಲುವಾಗಿದ್ದರೂ ಅವುಗಳಲ್ಲಿ ಶಕ್ತಿಶಾಲಿ ಯಂತ್ರವನ್ನು ಮೌನವಾಗಿಡುವುದು ಬಹಳ ದುಸ್ತರ. 305 × 244 ಮಿ.ಮೀ. ಅಳತೆಯ ಎಟಿಎಕ್ಸ್ ಬೋರ್ಡು ಹಿಡಿಯುವ ಮಧ್ಯಮ ಗಾತ್ರದ ಕ್ಯಾಬಿನೆಟ್ಟಿನಲ್ಲಿ ಚಿಕ್ಕ ಬೋರ್ಡನ್ನೂ ಕೂರಿಸಬಹುದು, ಉಳಿದ ಜಾಗ ವ್ಯರ್ಥವಲ್ಲ. ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಕನಿಷ್ಠ ಎರಡು ಮೂರು ಬೆರಳಿನಷ್ಟಾದರೂ ಖಾಲಿ ಇದೆಯೇ ಎಂಬುದನ್ನೂ ನೋಡಬೇಕು. ಕಾರ್ಡನ್ನು ಗಾಜಿನ ಪಕ್ಕಕ್ಕೆ ಮುಖ ಮಾಡಿ ನೆಟ್ಟಗೆ ನಿಲ್ಲಿಸುವ ಅಲಂಕಾರ, ಗಾಜು ತೀರ ಹತ್ತಿರವಿದ್ದರೆ, ಅದರ ಉಸಿರು ಕಟ್ಟಿಸುತ್ತದೆ.

ಬಿಡಿಭಾಗಗಳಿಗೆ ವಿದ್ಯುತ್ತು ಒದಗಿಸುವ ಪವರ್ ಸಪ್ಲೈಗೆ ತನ್ನದೇ ಗಾಳಿಯ ದಾರಿ ಇರಬೇಕು. ಇಂಟೆಲ್ 1995ರಲ್ಲಿ ಎಟಿಎಕ್ಸ್ ಮಾದರಿಯನ್ನು ತಂದ ನಂತರ ಬಹುಕಾಲ ಪವರ್ ಸಪ್ಲೈ ಮೇಲ್ಭಾಗದಲ್ಲಿ ಕುಳಿತು ಪ್ರೊಸೆಸರಿನ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತಿತ್ತು, ಹಾಗಾಗಿ ಅದರ ಫ್ಯಾನು ಯಾವಾಗಲೂ ಗದ್ದಲ ಮಾಡುತ್ತಿತ್ತು. 2005ರಲ್ಲಿ ಬಂದ ಆ್ಯಂಟೆಕ್ ಪಿ180 ಅದನ್ನು ಕೆಳಗಿನ ಪ್ರತ್ಯೇಕ ಕೋಣೆಗೆ ಇಳಿಸಿತು. ಇಂದು ಹೆಚ್ಚಿನ ಕ್ಯಾಬಿನೆಟ್ಟುಗಳಲ್ಲಿ ಪವರ್ ಸಪ್ಲೈ ತಳದಲ್ಲಿದ್ದು ಹೊರಗಿನ ತಂಪು ಗಾಳಿಯನ್ನೇ ಎಳೆಯುತ್ತದೆ. ಇದರ ಪ್ರಯೋಜನ ಸಿಗಬೇಕಾದರೆ ಕ್ಯಾಬಿನೆಟ್ಟಿನ ಕಾಲುಗಳು ಎರಡು ಸೆಂಟಿಮೀಟರಿಗಿಂತ ಕಡಿಮೆ ಎತ್ತರವಿರಬಾರದು, ದಪ್ಪ ನೆಲಹಾಸಿನ ಮೇಲಂತೂ ಇಡಬಾರದು.

ಕಂಪನ ಎಂಬ ಇನ್ನೊಂದು ದಾರಿ

ಸದ್ದು ಗಾಳಿಯ ಮೂಲಕವಷ್ಟೇ ಅಲ್ಲ, ಲೋಹದ ಮೂಲಕವೂ ಹೊರಬರುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಬಾರಿ ತನ್ನ ಚೌಕಟ್ಟನ್ನು ಅಲುಗಿಸುತ್ತದೆ. ಆ ಅಲುಗಾಟ ಸ್ಕ್ರೂಗಳ ಮೂಲಕ ಇಡೀ ತಗಡಿಗೆ ಹರಡಿ, ದೊಡ್ಡ ಪಕ್ಕದ ಹಲಗೆಯೇ ಸ್ಪೀಕರಿನ ಪರದೆಯಂತೆ 120 ಹರ್ಟ್ಸ್‌ನಲ್ಲಿ ಗುಂಯ್‌ಗುಡುತ್ತದೆ. ಅಂಥ ಎರಡು ಡಿಸ್ಕುಗಳಿದ್ದರೆ ಅವುಗಳ ವೇಗದ ಅತಿಸಣ್ಣ ವ್ಯತ್ಯಾಸದಿಂದ ಆ ಗುಂಯ್‌ಗಾರ ಏರುತ್ತ ಇಳಿಯುತ್ತ ಅಲೆಯಾಗುತ್ತದೆ, ಒಂದೇ ಸಮನಾದ ಸದ್ದನ್ನು ಮರೆಯಬಲ್ಲ ಕಿವಿ ಈ ಏರಿಳಿತವನ್ನು ಮರೆಯದು. ಸ್ಪಂಜು ಈ ಕೆಳದನಿಯ ಹತ್ತಿರವೂ ಸುಳಿಯದು ಎಂಬುದನ್ನು ಮೇಲೆ ನೋಡಿದೆವು. ಇದಕ್ಕೆ ಮದ್ದು ಡಿಸ್ಕನ್ನು ಮೆತ್ತಗಿನ ರಬ್ಬರಿನ ಮೇಲೆ ಕೂರಿಸುವ ತಟ್ಟೆ, ಅಥವಾ ಎಲಾಸ್ಟಿಕ್ ಪಟ್ಟಿಯಲ್ಲಿ ತೂಗುಬಿಡುವುದು. ತಟ್ಟೆಯಲ್ಲಿ ರಬ್ಬರು ಇದೆ ಎಂದ ಮಾತ್ರಕ್ಕೆ ಸಾಲದು. ಬೆರಳಿನಿಂದ ಒತ್ತಿದರೆ ಕುಗ್ಗದ ಗಟ್ಟಿ ರಬ್ಬರು ಕಂಪನವನ್ನು ನೇರವಾಗಿ ದಾಟಿಸುತ್ತದೆ. ತಿರುಗುವ ಭಾಗವೇ ಇಲ್ಲದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಮಾತ್ರ ಬಳಸುವವರಿಗೆ ಈ ಸಮಸ್ಯೆಯೇ ಇಲ್ಲ, ಅವರು ಡಿಸ್ಕ್ ಕೂರಿಸುವ ಚೌಕಟ್ಟನ್ನೇ ಕಳಚಿ ಮುಂಭಾಗದ ಗಾಳಿಗೆ ದಾರಿ ಬಿಡಬಹುದು. ಹಾಗೆ ಕಳಚಲು ಬರುವ ಕ್ಯಾಬಿನೆಟ್ಟನ್ನೇ ಆರಿಸುವುದು ಜಾಣತನ.

ಈಗಿರುವ ಯಂತ್ರದ ಸದ್ದು ಯಾವ ದಾರಿಯಿಂದ ಬರುತ್ತಿದೆ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಕಂಪ್ಯೂಟರ್ ನಡೆಯುತ್ತಿರುವಾಗ ಪಕ್ಕದ ಹಲಗೆಯ ಮೇಲೆ ಅಂಗೈ ಊರಿ ಒತ್ತಿ ಹಿಡಿಯಿರಿ. ಸದ್ದು ತಟ್ಟನೆ ಇಳಿದರೆ ಅಥವಾ ಅದರ ಶ್ರುತಿ ಬದಲಾದರೆ ಅದು ಕಂಪನ. ಯಾವ ವ್ಯತ್ಯಾಸವೂ ಇಲ್ಲದಿದ್ದರೆ ಅದು ಗಾಳಿಯ ಸದ್ದು. ಮೊದಲನೆಯದಾದರೆ ಹೊಸ ಕ್ಯಾಬಿನೆಟ್ ಕೊಳ್ಳುವ ಮೊದಲು ಸಡಿಲವಾದ ಸ್ಕ್ರೂ, ಡಿಸ್ಕಿನ ತಟ್ಟೆ, ಮೇಜಿಗೆ ತಾಗುವ ಕಾಲುಗಳನ್ನು ನೋಡಬೇಕು. ಮರದ ಮೇಜಿನ ಮೇಲಿಟ್ಟ ಕಂಪ್ಯೂಟರನ್ನು ಮೆತ್ತನೆಯ ಹಾಸಿನ ಮೇಲೆ ಇರಿಸಿದಾಗ ಸದ್ದು ಅರ್ಧದಷ್ಟು ಅಡಗಿದರೆ ತಪ್ಪು ಕ್ಯಾಬಿನೆಟ್ಟಿನದಲ್ಲ.

ಪಟ್ಟಿಯಲ್ಲಿರುವ ಅಂಕಿಗಳ ಬಗ್ಗೆ ಒಂದು ಮಾತು. ಕಂಪ್ಯೂಟರ್ ಉಪಕರಣಗಳ ಸದ್ದನ್ನು ಅಳೆಯಲು ಐಎಸ್‌ಒ 7779 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ, ಆದರೆ ಬಿಡಿ ಕ್ಯಾಬಿನೆಟ್ಟುಗಳ ಜಾಹೀರಾತಿನಲ್ಲಿ ಕಾಣುವ ಡೆಸಿಬೆಲ್ ಸಂಖ್ಯೆಗಳು ಎಷ್ಟು ದೂರದಲ್ಲಿ, ಯಾವ ವೇಗದಲ್ಲಿ, ಒಳಗೆ ಏನಿಟ್ಟು ಅಳೆದದ್ದು ಎಂಬ ವಿವರವಿಲ್ಲದೆ ಬರುವುದೇ ಹೆಚ್ಚು. ತೆರೆದ ಜಾಗದಲ್ಲಿ ಅಳೆಯುವ ದೂರವನ್ನು ಎರಡು ಪಟ್ಟು ಮಾಡಿದರೆ ಸಾಕು, ಸಂಖ್ಯೆ 6 ಡೆಸಿಬೆಲ್ ಇಳಿಯುತ್ತದೆ. ದೂರ ತಿಳಿಸದ ಡೆಸಿಬೆಲ್ ಸಂಖ್ಯೆಗೆ ಬೆಲೆ ಕೊಡಬೇಕಾಗಿಲ್ಲ. ಅದಕ್ಕಿಂತ, ಒಂದೇ ಬಗೆಯ ಬಿಡಿಭಾಗಗಳನ್ನು ಹಲವು ಕ್ಯಾಬಿನೆಟ್ಟುಗಳಲ್ಲಿ ಕೂರಿಸಿ, ಸದ್ದಿನ ಮಟ್ಟವನ್ನು ಒಂದೇ ಸಂಖ್ಯೆಗೆ ಸರಿಹೊಂದಿಸಿ, ಆಗ ಎಷ್ಟು ಬಿಸಿಯಾಗುತ್ತದೆ ಎಂದು ಹೋಲಿಸುವ ವಿಮರ್ಶೆಗಳನ್ನು ನಂಬಬಹುದು. ಸಮಾನ ಸದ್ದಿನಲ್ಲಿ ಕಡಿಮೆ ಬಿಸಿಯಾಗುವ ಪೆಟ್ಟಿಗೆಯೇ ಸಮಾನ ಬಿಸಿಯಲ್ಲಿ ಕಡಿಮೆ ಸದ್ದು ಮಾಡುವ ಪೆಟ್ಟಿಗೆ.

ಕ್ಯಾಬಿನೆಟ್ಟಿನ ಜೊತೆ ಬರುವ ಫ್ಯಾನುಗಳು ನಾಲ್ಕು ಪಿನ್ನಿನವೋ ಮೂರು ಪಿನ್ನಿನವೋ ನೋಡಿಕೊಳ್ಳಿ. ಎರಡರ ವೇಗವನ್ನೂ ಇಂದಿನ ಬಹುತೇಕ ಮದರ್‌ಬೋರ್ಡುಗಳು ನಿಯಂತ್ರಿಸಬಲ್ಲವು, ಆದರೆ ಬೋರ್ಡಿನಲ್ಲಿ ಸಾಕಷ್ಟು ಜೋಡಣೆಗಳಿರಬೇಕು, ಮೂರು ಪಿನ್ನಿನ ಫ್ಯಾನಿಗೆ ವೋಲ್ಟೇಜ್ ಇಳಿಸುವ ಆಯ್ಕೆಯನ್ನು ಬಯಾಸ್‌ನಲ್ಲಿ, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗ್ ಪರದೆಯಲ್ಲಿ, ಆರಿಸಿರಬೇಕು. ಪವರ್ ಸಪ್ಲೈಗೆ ನೇರವಾಗಿ ಜೋಡಿಸುವ ಫ್ಯಾನು ಸದಾ ಪೂರ್ಣ ವೇಗದಲ್ಲೇ ತಿರುಗುತ್ತದೆ, ಮೌನದ ಕ್ಯಾಬಿನೆಟ್ ಕೊಂಡೂ ಸದ್ದು ಕಡಿಮೆಯಾಗಲಿಲ್ಲ ಎಂಬ ದೂರಿನ ಹಿಂದೆ ಅನೇಕ ಬಾರಿ ಇರುವುದು ಇದೇ. ಬಯಾಸ್‌ನಲ್ಲಿ ಫ್ಯಾನಿನ ವೇಗ ತಾಪಮಾನದ ಪ್ರತಿಯೊಂದು ಕ್ಷಣಿಕ ಜಿಗಿತಕ್ಕೂ ಏರಿಳಿಯದಂತೆ ಕೆಲವು ಸೆಕೆಂಡುಗಳ ವಿಳಂಬವನ್ನೂ ಇಡಬೇಕು. ಒಂದೇ ಮಟ್ಟದಲ್ಲಿ ಹರಿಯುವ ತುಸು ಹೆಚ್ಚಿನ ಸದ್ದು, ಆಗಾಗ ಎದ್ದು ಬೀಳುವ ಕಡಿಮೆ ಸದ್ದಿಗಿಂತ ಕಿವಿಗೆ ಹಿತ.

ಇನ್ನು ಫ್ಯಾನೇ ಇಲ್ಲದ ಕ್ಯಾಬಿನೆಟ್ಟುಗಳು. ಸ್ಟ್ರೀಕಾಮ್‌ನಂಥ ಸಂಸ್ಥೆಗಳ ಇಂಥ ಪೆಟ್ಟಿಗೆಗಳಲ್ಲಿ ಪ್ರೊಸೆಸರಿನ ಶಾಖ ತಾಮ್ರದ ಕೊಳವೆಗಳ ಮೂಲಕ ಹೊರಗೋಡೆಗೆ ಹರಿದು, ಆ ಅಲ್ಯೂಮಿನಿಯಂ ಗೋಡೆಯೇ ಹೀಟ್‌ಸಿಂಕ್ ಆಗುತ್ತದೆ. 65 ವ್ಯಾಟ್‌ನ ಆಸುಪಾಸಿನ ಯಂತ್ರಕ್ಕೆ ಇದು ಪರಿಪೂರ್ಣ ಮೌನ ಕೊಡಬಲ್ಲದು, ಧ್ವನಿಮುದ್ರಣದ ಕೋಣೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಯಾವ ಪ್ರೊಸೆಸರ್ ಸಾಕೆಟ್ಟಿಗೆ ಆ ಕೊಳವೆಗಳು ಹೊಂದುತ್ತವೆ, ಬೋರ್ಡಿನ ಮೇಲಿನ ಇತರ ಭಾಗಗಳು ಅಡ್ಡ ಬರುತ್ತವೆಯೇ ಎಂಬುದನ್ನು ಮೊದಲೇ ತಾಳೆ ನೋಡಬೇಕಾಗುತ್ತದೆ. ಸಾಮಾನ್ಯ ಬಳಕೆಯವರಿಗೆ 500 ಸುತ್ತಿನಲ್ಲಿ ತಿರುಗುವ ಒಂದು 140 ಮಿ.ಮೀ. ಫ್ಯಾನು ರಾತ್ರಿಯ ಕೋಣೆಯಲ್ಲೂ ಕೇಳಿಸುವುದು ಕಷ್ಟ, ಮತ್ತು ಅದು ಫ್ಯಾನಿಲ್ಲದ ಪೆಟ್ಟಿಗೆಗಿಂತ ಎಷ್ಟೋ ಹೆಚ್ಚು ಶಾಖವನ್ನು ಹೊರಸಾಗಿಸುತ್ತದೆ.

ಆರಿಸಿ ತಂದ ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಕಿವಿಯ ಪಕ್ಕದಲ್ಲಿ ಇಡದೆ ಕೆಳಗೆ ಒಂದು ಬದಿಯಲ್ಲಿ ಇಟ್ಟರೆ ಕೆಲವು ಡೆಸಿಬೆಲ್‌ಗಳು ಖರ್ಚಿಲ್ಲದೆ ಕಡಿಮೆಯಾಗುತ್ತವೆ. ಹಿಂಭಾಗಕ್ಕೂ ಗೋಡೆಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ಜಾಗ ಬಿಡಬೇಕು, ಏಕೆಂದರೆ ಹೊರಬಿದ್ದ ಬಿಸಿಗಾಳಿ ಮತ್ತು ಸದ್ದು ಎರಡೂ ಗೋಡೆಗೆ ತಾಗಿ ಹಿಂದಿರುಗುತ್ತವೆ. ಮೇಜಿನ ಕೆಳಗಿನ ಬಾಗಿಲಿರುವ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕುವುದಂತೂ ಸಲ್ಲದು; ಅಲ್ಲಿ ಗಾಳಿ ಸುತ್ತಿ ಸುತ್ತಿ ಬಿಸಿಯಾಗಿ ಅರ್ಧ ಗಂಟೆಯೊಳಗೆ ಎಲ್ಲ ಫ್ಯಾನುಗಳೂ ವೇಗ ಹಿಡಿಯುತ್ತವೆ. ಆಮೇಲೆ ಕೆಲವು ತಿಂಗಳಿಗೊಮ್ಮೆ ಮುಂಭಾಗದ ಜಾಲರಿಯನ್ನು ಎಳೆದು ತೊಳೆದು, ಪೂರ್ತಿ ಒಣಗಿದ ಮೇಲೆ ಮತ್ತೆ ಕೂರಿಸಬೇಕು.